ಸೋರದ ಕರಡಿಗೆ
(ಶೋಧಕಯಂತ್ರಗಳ ಬಿಗಿಮುದ್ರೆಯನ್ನು ಕುರಿತು)

ಕೃಷ್ಣಾ ಘಟಪ್ರಭಾ ನದಿಗಳ ಆಸರೆಯಲ್ಲಿ ಬಾಳುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜನರಿಗೆ ನೀರಿನ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾದ ಅಗತ್ಯವಿಲ್ಲ. ಮಳೆಗಾಲದಲ್ಲಿ ದಡಮೀರಿ ಹರಿಯುವ ಹೊಳೆ ಬೇಸಗೆಯಲ್ಲಿ ಬತ್ತಿ ಮರಳಾಗುವುದನ್ನು ತಲೆಮಾರುಗಳಿಂದ ಕಂಡುಂಡ ನಾಡಿದು. ೧೯೮೯ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಬ್ಯಾರೇಜನ್ನು ಕಟ್ಟಿದರು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಸಿದ್ಧಗೊಂಡ ಆ ಕಟ್ಟೆಗೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಸಂದಿತು. ಬೆವರಿನ ಬಿಂದುಗಳು ಕೂಡಿ ಸಾಗರವಾದವೆಂಬುದು ಆ ಹೆಸರಿನ ಆಶಯ.

ಇಷ್ಟು ಕಷ್ಟದಿಂದ ಕೂಡಿಸಿದ ನೀರು ಹೊಲಕ್ಕೆ ಬಂದ ಮೇಲೆ ಯಾವ ಸ್ಥಿತಿಯನ್ನು ಹೊಂದುತ್ತದೆಂಬುದನ್ನು ಒಮ್ಮೆ ನೋಡತಕ್ಕದ್ದು. ಕಬ್ಬಿನ ಹೊಲದ ಬದಿಯಲ್ಲಿ ಹನಿನೀರಾವರಿಯ ಶೋಧಕಯಂತ್ರವು ನಿಂತಿರುತ್ತದೆ. ಅದರ ಮುಚ್ಚಳದ ಸಂದಿನಿಂದ ನೀರು ತೊಟ್ಟಿಕ್ಕಿ ಕೆಳಗೆ ಕೆಸರಿನ ಗುಂಡಿಯಾಗಿರುವುದು ಅಪರೂಪದ ನೋಟವಲ್ಲ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ಒಂದು ಹಗಲು ಒಂದು ರಾತ್ರಿಗೆ ನಾಲ್ಕು ಲೀಟರಿಗೂ ಮಿಕ್ಕಿ, ತಿಂಗಳಿಗೆ ಸುಮಾರು ೧೩೦ ಲೀಟರು ನೀರು ವ್ಯರ್ಥವಾಯಿತು. ಬಿಂದುವಿನಿಂದ ಸಾಗರವಾಗುವುದು ದಿಟವಾದರೆ, ಬಿಂದುವಿನಿಂದಲೇ ಸಾಗರವು ಬರಿದಾಗುವುದೂ ದಿಟವೇ.

ಆದರೆ ಹೊರಗೆ ಕಾಣುವ ಈ ಸೋರಿಕೆಯು ಅರ್ಧ ಸಂಗತಿ ಮಾತ್ರ. ಕಣ್ಣಿಗೆ ಕಾಣದೆ ಶೋಧಕದ ಒಡಲೊಳಗೇ ನಡೆಯುವ ಮತ್ತೊಂದು ಸೋರಿಕೆಯುಂಟು. ಅದರ ಹಾನಿ ಇದಕ್ಕಿಂತ ಹಿರಿದು. ಎರಡಕ್ಕೂ ಕಾರಣವೂ ಪರಿಹಾರವೂ ‘ಮುದ್ರೆ’ ಎಂಬ ಒಂದು ಚಿಕ್ಕ ಅಂಗದಲ್ಲಿ ಅಡಗಿವೆ. ಆ ಮುದ್ರೆಯ ವಿಚಾರವೇ ಈ ಪಾಠದ ವಸ್ತು.

ಕರಡಿಗೆ ಮತ್ತು ಮುದ್ರೆ

ಕನ್ನಡದಲ್ಲಿ ‘ಸೋಸು’ ಎಂಬುದೊಂದು ಧಾತು, ‘ಸೋರು’ ಎಂಬುದೊಂದು ಧಾತು. ಕಿವಿಗೆ ಇವೆರಡೂ ಒಡಹುಟ್ಟಿದವರಂತೆ ಕೇಳಿದರೂ ಅರ್ಥದಲ್ಲಿ ಪರಸ್ಪರ ವಿರೋಧಿಗಳು. ಸೋಸುವುದೆಂದರೆ ಬೇಕಾದುದನ್ನು ಬಿಟ್ಟುಕೊಟ್ಟು ಬೇಡವಾದುದನ್ನು ತಡೆಯುವುದು. ಸೋರುವುದೆಂದರೆ ತಡೆಯಬೇಕಾದುದನ್ನು ಬಿಟ್ಟುಕೊಡುವುದು. ಸೋಸಲೆಂದು ನಿಂತ ಯಂತ್ರವೇ ಸೋರತೊಡಗಿದರೆ ಅದು ತನ್ನ ಧರ್ಮವನ್ನು ತಾನೇ ಮೀರಿದಂತಾಯಿತು.

ಕರಡಿಗೆ ಎಂಬ ಮಾತು ಈ ಸೀಮೆಯ ಮಕ್ಕಳಿಗೆ ಅಪರಿಚಿತವಲ್ಲ. ಒಳಗಿನ ವಸ್ತುವನ್ನು ಧೂಳಿನಿಂದಲೂ ಆಘಾತದಿಂದಲೂ ಕಾಪಾಡುವಂತೆ ಮುಚ್ಚಳವು ನೆಟ್ಟಗೆ ಕೂಡುವ ಪುಟ್ಟ ಪೆಟ್ಟಿಗೆಯೇ ಕರಡಿಗೆ. ಅಕ್ಕಸಾಲಿಗನ ಕೈಚಳಕವು ಮುಚ್ಚಳ ಮತ್ತು ಒಡಲು ಕೂಡುವ ಅಂಚಿನಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ. ಯಂತ್ರಲೋಕದಲ್ಲಿಯೂ ಇದೇ ಮಾದರಿಯ ಶೋಧಕಗಳುಂಟು. ಇವುಗಳಿಗೆ ಒಡಲು, ಮುಚ್ಚಳ, ಒಡಲೊಳಗೆ ತೆಗೆದಿಡಬಹುದಾದ ಶೋಧನಾಂಗ, ಮುಚ್ಚಳವನ್ನು ಹಿಡಿದಿಡುವ ಬೋಲ್ಟು ಅಥವಾ ಪಟ್ಟಿ, ಇವುಗಳ ನಡುವೆ ರಬ್ಬರಿನ ಮುದ್ರೆ ಎಂದು ಐದು ಅಂಗಗಳು. ಇವನ್ನು ಕರಡಿಗೆ ಶೋಧಕಗಳೆಂದು ಕರೆಯುವುದು ಯುಕ್ತ.

ಇಂತಹ ಶೋಧಕಗಳು ಈ ನಾಲ್ಕು ತಾಲೂಕುಗಳಲ್ಲಿ ಮೂರು ಬಗೆಯ ದ್ರವಗಳನ್ನು ಸೋಸುತ್ತಿವೆ. ಹನಿನೀರಾವರಿಯ ಜಾಲರಿ ಶೋಧಕದಲ್ಲಿ ಹೊಳೆಯ ಮತ್ತು ಬಾವಿಯ ನೀರು. ಟ್ರ್ಯಾಕ್ಟರು ಮತ್ತು ಪಂಪುಗಳ ಎಂಜಿನ್ನುಗಳಲ್ಲಿ ಕೀಲೆಣ್ಣೆ ಹಾಗೂ ಡೀಸೆಲ್. ಶಾಲೆ, ಮಠ, ಮನೆ ಮತ್ತು ಹಳ್ಳಿಯ ಶುದ್ಧನೀರಿನ ಘಟಕಗಳಲ್ಲಿ ಕುಡಿಯುವ ನೀರು. ದ್ರವವು ಯಾವುದಾದರೂ ಮುದ್ರೆಯ ತತ್ತ್ವವು ಒಂದೇ. ಹಿಂದಿನ ಕಾಲದಲ್ಲಿ ಓಲೆಯ ಮೇಲೆ ಅರಗಿನ ಮುದ್ರೆಯನ್ನು ಒತ್ತಿದರೆ, ಒಳಗಿನ ಮಾತು ಹೊರಗೆ ಹೋಗದು, ಹೊರಗಿನವರ ಕೈ ಒಳಗೆ ಬಾರದು ಎಂಬ ಭರವಸೆಯುಂಟಾಗುತ್ತಿತ್ತು. ಯಂತ್ರದ ಮುದ್ರೆಯೂ ಅಂತಹ ಒಂದು ಭರವಸೆ.

ಒತ್ತಡದ ಲೆಕ್ಕ

ಮುಚ್ಚಳವು ಸೋರಿದಾಗ ಸಾಮಾನ್ಯರು ಮಾಡುವ ಮೊದಲ ಕೆಲಸ ಪಾನಾ ಹಿಡಿದು ಇನ್ನಷ್ಟು ಬಿಗಿಮಾಡುವುದು. ಕೆಲವೊಮ್ಮೆ ಸೋರಿಕೆ ನಿಂತಂತೆ ಕಂಡು, ಮಾರನೆಯ ದಿನ ಇಮ್ಮಡಿಯಾಗಿ ತಲೆದೋರುತ್ತದೆ. ಇದರ ಕಾರಣವನ್ನು ತಿಳಿಯಲು ಸ್ವಲ್ಪ ಗಣಿತವು ಬೇಕು.

೨೦ ಸೆಂಟಿಮೀಟರ್ ವ್ಯಾಸದ ಮುಚ್ಚಳವೊಂದನ್ನು ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ ೩೧೪ ಚದರ ಸೆಂಟಿಮೀಟರ್. ಒಳಗಿನ ನೀರಿನ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ೩ ಕಿಲೋಗ್ರಾಂ ಇದ್ದರೆ, ಮುಚ್ಚಳವನ್ನು ಮೇಲಕ್ಕೆ ನೂಕುವ ಬಲವು ೯೪೨ ಕಿಲೋಗ್ರಾಂ ತೂಕಕ್ಕೆ ಸಮಾನ. ಸುಮಾರು ಒಂಬತ್ತೂವರೆ ಕ್ವಿಂಟಲ್! ತೆಳುವಾದ ಒಂದು ಮುಚ್ಚಳವು ಕಬ್ಬಿನ ಚಕ್ಕಡಿಯಷ್ಟು ಭಾರವನ್ನು ಸದ್ದಿಲ್ಲದೆ ತಡೆದು ನಿಂತಿರುತ್ತದೆ. ನಾಲ್ಕು ಬೋಲ್ಟುಗಳಿದ್ದರೆ ಒಂದೊಂದಕ್ಕೆ ಸುಮಾರು ೨೩೫ ಕಿಲೋಗ್ರಾಂ ಭಾರ.

ಈ ಭಾರಕ್ಕೆ ಮುಚ್ಚಳವು ಬೋಲ್ಟುಗಳ ಬಳಿ ಗಟ್ಟಿಯಾಗಿ ನಿಂತು, ಎರಡು ಬೋಲ್ಟುಗಳ ನಡುವಣ ಭಾಗದಲ್ಲಿ ಕೂದಲೆಳೆಯಷ್ಟು ಬಾಗಿ ಮೇಲೇಳುತ್ತದೆ. ನೀರು ಆ ಸಂದಿನಲ್ಲಿಯೇ ದಾರಿ ಮಾಡಿಕೊಳ್ಳುತ್ತದೆ. ಆಗ ಬೋಲ್ಟನ್ನು ಮತ್ತಷ್ಟು ಬಿಗಿದರೆ ಬೋಲ್ಟಿನ ಬಳಿಯ ರಬ್ಬರು ಜಜ್ಜಿಹೋಗಿ, ನಡುವಣ ಸಂದು ಇನ್ನಷ್ಟು ಹಿಗ್ಗುತ್ತದೆ. ರೋಗಕ್ಕೆ ಕೊಟ್ಟ ಮದ್ದೇ ರೋಗವನ್ನು ಬೆಳೆಸಿತು. ಬಾಗುವ ಹಲಗೆಯ ದಪ್ಪವನ್ನು ಇಮ್ಮಡಿ ಮಾಡಿದರೆ ಅದರ ಬಾಗು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆಂಬುದು ಯಂತ್ರಶಾಸ್ತ್ರದ ನಿಯಮ. ಆದ್ದರಿಂದ ಸೋರಿಕೆಯ ನಿವಾರಣೆಯು ಪಾನಾದ ಬಲದಲ್ಲಿ ಇಲ್ಲ. ಮುಚ್ಚಳದ ದಪ್ಪದಲ್ಲಿ, ಬೋಲ್ಟುಗಳ ಸಂಖ್ಯೆಯಲ್ಲಿ, ಎಲ್ಲಕ್ಕೂ ಮಿಗಿಲಾಗಿ ಮುದ್ರೆಯ ರಚನೆಯಲ್ಲಿ ಇದೆ. ಬನಹಟ್ಟಿಯ ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ಎಳೆ ಸಡಿಲವಾದರೆ ನೇಯ್ಗೆ ಜಾಳಾಗುತ್ತದೆ. ಹದಮೀರಿ ಬಿಗಿದರೆ ಎಳೆಯೇ ಹರಿಯುತ್ತದೆ. ಬಿಗಿಗೂ ಒಂದು ಹದವುಂಟು.

ರಬ್ಬರ ಬಳೆಯ ಧರ್ಮ

ಹಳೆಯ ಶೋಧಕಗಳಲ್ಲಿ ಚಪ್ಪಟೆಯಾದ ಕಾರ್ಕು, ನಾರುಹಲಗೆ ಅಥವಾ ರಬ್ಬರಿನ ಬಿಲ್ಲೆಯನ್ನು ಮುದ್ರೆಯಾಗಿ ಬಳಸುತ್ತಿದ್ದರು. ಬೋಲ್ಟು ಅದನ್ನು ಎಷ್ಟು ಒತ್ತುತ್ತದೆಯೋ ಅಷ್ಟೇ ಅದರ ಶಕ್ತಿ. ಇದಕ್ಕಿಂತ ಉತ್ತಮವಾದ ಉಪಾಯವು ದುಂಡುಮೈಯ ರಬ್ಬರ ಬಳೆ; ಯಂತ್ರಕಾರರು ಇದನ್ನು ‘ಓ-ರಿಂಗ್’ ಎನ್ನುವರು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸನ್ ಎಂಬಾತನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಇದರ ಮರ್ಮವನ್ನು ಸಾಧಿಸಿದನು. ೧೯೩೯ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಬಳೆಯು ಮೊದಲೇ ಇದ್ದಿತು. ಬಳೆಗೆ ತಕ್ಕ ತೋಡು ಎಷ್ಟು ಆಳ, ಎಷ್ಟು ಅಗಲ ಇರಬೇಕೆಂಬ ಅಳತೆಯೇ ಅವನ ಹೆಚ್ಚುಗಾರಿಕೆ.

ಮುದುವೊಳಲೆಂಬ ಪ್ರಾಚೀನ ನಾಮವುಳ್ಳ ಮುಧೋಳದ ಮಕ್ಕಳಿಗೆ ಇದರಲ್ಲಿ ಒಂದು ಸ್ವಾರಸ್ಯ ತೋರಬಹುದು. ಹತ್ತನೆಯ ಶತಮಾನದ ಮಹಾಕವಿ ರನ್ನನು ಇದೇ ಊರಿನ ಬಳೆಗಾರರ ಕುಲದಲ್ಲಿ ಹುಟ್ಟಿದವನು. ಬಳೆಗಾರನ ವಿದ್ಯೆಯೆಲ್ಲ ಅಳತೆಯಲ್ಲಿದೆ. ಕೈಗಿಂತ ಕಿರಿದಾದ ಬಳೆ ಒಡೆಯುತ್ತದೆ, ಹಿರಿದಾದುದು ಜಾರುತ್ತದೆ. ರಬ್ಬರ ಬಳೆಯ ವಿಷಯದಲ್ಲಿಯೂ ಮಾತು ಇಷ್ಟೇ. ಕೊರಳಿಗೆ ತೊಡಿಸುವಾಗ ಬಳೆಯ ಒಳವ್ಯಾಸವು ನೂರಕ್ಕೆ ಐದರಷ್ಟಕ್ಕಿಂತ ಹೆಚ್ಚಾಗಿ ಹಿಗ್ಗಬಾರದೆಂಬುದು ರೂಢಿಯ ನಿಯಮ. ಅದಕ್ಕಿಂತ ಹೆಚ್ಚು ಹಿಗ್ಗಿದರೆ ಬಳೆಯ ಮೈ ತೆಳುವಾಗಿ, ಬಿರುಕಿಗೆ ಎಡೆಯಾಗುತ್ತದೆ.

ಬಳೆಯು ಕೆಲಸಮಾಡುವ ರೀತಿಯನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನನ ಮಾಡಬೇಕು. ರಬ್ಬರು ಸ್ಪಂಜಿನಂತೆ ಕುಗ್ಗುವ ವಸ್ತುವಲ್ಲ. ಒತ್ತಿದರೆ ಅದರ ಆಕಾರವು ಬದಲಾಗುತ್ತದೆಯೇ ಹೊರತು ಗಾತ್ರವು ಬಹುಮಟ್ಟಿಗೆ ಅಷ್ಟೇ ಉಳಿಯುತ್ತದೆ. ೬ ಮಿಲಿಮೀಟರ್ ದಪ್ಪದ ಬಳೆಯನ್ನು ೪.೫ ಮಿಲಿಮೀಟರ್ ಆಳದ ತೋಡಿನಲ್ಲಿ ಇಟ್ಟು ಮುಚ್ಚಳವನ್ನು ಕೂಡಿಸಿದರೆ, ಬಳೆಯು ತನ್ನ ದಪ್ಪದ ಕಾಲುಭಾಗದಷ್ಟು ಒತ್ತಲ್ಪಟ್ಟು ಅಕ್ಕಪಕ್ಕಕ್ಕೆ ಹರಡುತ್ತದೆ. ಅಲುಗಾಡದ ಕೂಡಿಕೆಗಳಲ್ಲಿ ನೂರಕ್ಕೆ ೧೫ರಿಂದ ೩೦ರವರೆಗಿನ ಒತ್ತು ಯೋಗ್ಯವೆನಿಸಿದೆ. ಹರಡುವ ರಬ್ಬರಿಗೆ ತೋಡಿನಲ್ಲಿ ಎಡೆಯೂ ಬೇಕು. ತೋಡಿನ ಅಗಲವು ೮ ಮಿಲಿಮೀಟರ್ ಇದ್ದರೆ, ಅದರ ನೂರಕ್ಕೆ ಸುಮಾರು ೭೮ ಭಾಗವನ್ನು ಬಳೆಯು ತುಂಬಿ, ಉಳಿದ ಭಾಗವು ಬಿಸಿಗೆ ಹಿಗ್ಗಲು, ದ್ರವವನ್ನು ಹೀರಿ ಉಬ್ಬಲು ಅವಕಾಶವಾಗಿ ಉಳಿಯುತ್ತದೆ. ಈ ಅವಕಾಶವನ್ನು ಬಿಡದೆ ತೋಡನ್ನು ಕಿರಿದುಮಾಡಿದರೆ, ಹಿಗ್ಗಿದ ರಬ್ಬರು ಮುಚ್ಚಳವನ್ನೇ ಎತ್ತುತ್ತದೆ ಅಥವಾ ತಾನೇ ಸಂದಿಗೆ ಸಿಕ್ಕಿ ಹರಿದುಹೋಗುತ್ತದೆ.

ಇನ್ನು ಒತ್ತಡವು ಏರಿದಾಗ ನಡೆಯುವುದೇ ಬಳೆಯ ವಿಶೇಷ. ಒಳಗಿನ ದ್ರವವು ಬಳೆಯನ್ನು ತೋಡಿನ ಹೊರಗೋಡೆಯತ್ತ ನೂಕುತ್ತದೆ. ನೂಕಿದಷ್ಟೂ ಬಳೆಯು ಸಂದಿಗೆ ಹೆಚ್ಚು ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಹೊರಗೆ ಹೋಗಬಯಸುವ ದ್ರವವೇ ತನ್ನ ದಾರಿಯನ್ನು ತಾನು ಮುಚ್ಚಿಕೊಳ್ಳುವುದು. ಹಗೆಯ ಬಲವನ್ನೇ ಕಾವಲಿಗೆ ನಿಲ್ಲಿಸಿದ ಜಾಣ್ಮೆಯಿದು. ಆದರೆ ಇದಕ್ಕೆ ಒಂದು ಷರತ್ತುಂಟು. ಒತ್ತಡವು ಬರುವ ಮುನ್ನವೇ ಬಳೆಯು ಎರಡೂ ಮೈಗಳನ್ನು ಮುಟ್ಟಿರಬೇಕು. ಮುಟ್ಟದ ಬಳೆಯನ್ನು ನೀರು ಹಾದುಹೋಗುವುದೇ ಹೊರತು ನೂಕುವುದಿಲ್ಲ.

ಮುಖಮುದ್ರೆ ಮತ್ತು ಪಾರ್ಶ್ವಮುದ್ರೆ

ಬಳೆಯನ್ನು ಇರಿಸುವ ಸ್ಥಾನಗಳು ಎರಡು. ಮುಚ್ಚಳದ ಕೆಳಮೈಗೂ ಒಡಲಿನ ಬಾಯಂಚಿಗೂ ನಡುವೆ ಇರಿಸಿದರೆ ಅದು ಮುಖಮುದ್ರೆ. ಮುಚ್ಚಳಕ್ಕೆ ಒಳಗಿಳಿಯುವ ಒಂದು ಕೊರಳನ್ನು ಮಾಡಿ, ಆ ಕೊರಳಿನ ಸುತ್ತಲಿನ ತೋಡಿನಲ್ಲಿ ಬಳೆಯನ್ನು ತೊಡಿಸಿ, ಅದು ಒಡಲಿನ ಒಳಗೋಡೆಯನ್ನು ಒತ್ತುವಂತೆ ಮಾಡಿದರೆ ಅದು ಪಾರ್ಶ್ವಮುದ್ರೆ.

ಮುಖಮುದ್ರೆಯಲ್ಲಿ ಬಳೆಯ ಒತ್ತು ಬೋಲ್ಟಿನ ಅಧೀನ. ಮುಚ್ಚಳವು ಮೇಲೆದ್ದಷ್ಟೂ ಒತ್ತು ಕುಂದುತ್ತದೆ. ಆದ್ದರಿಂದ ಇಲ್ಲಿ ಮುಚ್ಚಳವೂ ಒಡಲೂ ಲೋಹಕ್ಕೆ ಲೋಹ ತಾಗಿ ನಿಲ್ಲುವಂತೆ ರಚಿಸುವುದು ಅವಶ್ಯ. ಆಗ ಬಳೆಯ ಒತ್ತನ್ನು ತೋಡಿನ ಆಳವು ನಿರ್ಧರಿಸುವುದು. ಬಿಗಿಯುವವನ ತೋಳ್ಬಲಕ್ಕೆ ಅದರಲ್ಲಿ ಅಧಿಕಾರವಿರದು. ಎಷ್ಟೇ ಬಿಗಿದರೂ ರಬ್ಬರು ಜಜ್ಜಿಹೋಗುವ ಭಯವಿಲ್ಲ.

ಪಾರ್ಶ್ವಮುದ್ರೆಯಲ್ಲಿಯಾದರೋ ಮುಚ್ಚಳವು ಕೂದಲೆಳೆಯಷ್ಟು ಎದ್ದರೂ ಬಳೆಯ ಒತ್ತು ಕುಂದುವುದಿಲ್ಲ. ಬಳೆಯು ಗೋಡೆಯ ಮೇಲೆ ಅಷ್ಟು ಸರಿದು ಮತ್ತೆ ಹಾಗೆಯೇ ಒತ್ತಿಕೊಂಡಿರುತ್ತದೆ. ಬೋಲ್ಟುಗಳ ಕೆಲಸ ಮುಚ್ಚಳವು ಹಾರದಂತೆ ಹಿಡಿಯುವುದಷ್ಟೇ. ಮುದ್ರೆಯ ಕೆಲಸ ಬಳೆಯದು. ಒಂದೊಂದು ಅಂಗಕ್ಕೆ ಒಂದೊಂದೇ ಕಾಯಕವನ್ನು ವಹಿಸಿದಾಗ ಎರಡೂ ಚೆನ್ನಾಗಿ ನಡೆಯುತ್ತವೆ. ಆದ್ದರಿಂದ ಅಡಿಗಡಿಗೆ ತೆರೆದು ತೊಳೆಯಬೇಕಾದ ಶೋಧಕಗಳಿಗೆ ಪಾರ್ಶ್ವಮುದ್ರೆಯೇ ಲೇಸು.

ಇದಕ್ಕೂ ಎಚ್ಚರಿಕೆಗಳುಂಟು. ಬಳೆಯು ಒಡಲಿನ ಬಾಯಿಯನ್ನು ಹೊಕ್ಕುವಾಗ ಚೂಪಾದ ಅಂಚು ಅದನ್ನು ಕೊಯ್ಯಬಲ್ಲದು. ಆದುದರಿಂದ ಬಾಯಂಚನ್ನು ೧೫ರಿಂದ ೨೦ ಡಿಗ್ರಿಗಳ ಇಳಿಜಾರಿನಿಂದ ಕೆತ್ತಿ ನಯಗೊಳಿಸಿರಬೇಕು. ಬಳೆ ಕೂಡುವ ಗೋಡೆಯು ತುಕ್ಕು ಹಿಡಿಯದಂತಹದಾಗಿರಬೇಕು. ಬಣ್ಣದ ಚಕ್ಕೆಯೊಂದು ಎದ್ದರೆ, ಮರಳಿನ ಕಣವೊಂದು ಕೂತರೆ, ನೀರಿಗೆ ಅಷ್ಟೇ ಸಾಕು.

ಮುಚ್ಚಳದ ಹಿಡಿಕೆಯನ್ನು ಸಡಿಲಿಸಿದೊಡನೆ ಮೊದಲು ಒಂದು ಕಿರುದಾರಿ ತೆರೆದು ಒಳಗಿನ ಒತ್ತಡವೆಲ್ಲ ಇಳಿದುಹೋಗುವಂತೆಯೂ, ಇಳಿಯುವ ತನಕ ಮುಚ್ಚಳವು ಪೂರ್ತಿ ಬಿಡದಂತೆಯೂ ರಚಿಸಿದ ಶೋಧಕವೇ ಶ್ರೇಷ್ಠ. ಒಂಬತ್ತು ಕ್ವಿಂಟಲ್ ಬಲವುಳ್ಳ ಮುಚ್ಚಳವು ಹಠಾತ್ತನೆ ಬಿಟ್ಟರೆ, ಅದರ ಮೇಲೆ ಬಾಗಿ ನಿಂತವನ ಪ್ರಾಣಕ್ಕೇ ಅಪಾಯ. ಇಂತಹ ಏರ್ಪಾಡಿಲ್ಲದ ಶೋಧಕವನ್ನು ಪಂಪನ್ನು ನಿಲ್ಲಿಸಿ, ನೀರು ಬಿಡುವ ಕೊಳಾಯಿಯನ್ನು ತೆರೆದು, ಒತ್ತಡಮಾಪಕದ ಮುಳ್ಳು ಸೊನ್ನೆಗೆ ಬಂದಮೇಲೆಯೇ ಮುಟ್ಟತಕ್ಕದ್ದು.

ದ್ರವಕ್ಕೆ ತಕ್ಕ ರಬ್ಬರು

ರಬ್ಬರೆಂಬುದು ಒಂದೇ ವಸ್ತುವಿನ ಹೆಸರಲ್ಲ. ಎಣ್ಣೆ ಮತ್ತು ಡೀಸೆಲ್ಲಿಗೆ ನೈಟ್ರೈಲ್ ಎಂಬ ಜಾತಿಯು ಒಗ್ಗುತ್ತದೆ. ಎಂಜಿನ್ನಿನ ನೂರು ಡಿಗ್ರಿಯ ಬಿಸಿಯನ್ನೂ ತಾಳುತ್ತದೆ. ಆದರೆ ಬಿಸಿಲು ಮತ್ತು ಗಾಳಿಯ ಓಜೋನಿಗೆ ಅದು ಕಾಲಕ್ರಮದಲ್ಲಿ ಬಿರಿಯುತ್ತದೆ. ಇ.ಪಿ.ಡಿ.ಎಂ. ಎಂಬ ಜಾತಿಯು ನೀರಿಗೂ ಈ ಸೀಮೆಯ ಬೇಸಗೆಯ ಬಿಸಿಲಿಗೂ ಜಗ್ಗುವುದಿಲ್ಲ. ಆದರೆ ಕೀಲೆಣ್ಣೆ, ಗ್ರೀಸು ಸೋಂಕಿದೊಡನೆ ಉಬ್ಬಿ ಮೆತ್ತಗಾಗುತ್ತದೆ. ಹೊಲದ ಶೋಧಕದ ಬಳೆಗೆ ‘ಸಲೀಸಾಗಿ ಕೂಡಲಿ’ ಎಂದು ಟ್ರ್ಯಾಕ್ಟರಿನ ಗ್ರೀಸನ್ನು ಸವರುವ ಅಭ್ಯಾಸವು ಇ.ಪಿ.ಡಿ.ಎಂ. ಬಳೆಗೆ ಮಾರಕ. ಅಲ್ಲಿ ಸಿಲಿಕೋನ್ ಗ್ರೀಸನ್ನಾಗಲಿ ಸಾಬೂನಿನ ನೀರನ್ನಾಗಲಿ ಬಳಸುವುದು ಸರಿ. ಎಂಜಿನ್ನಿನ ನೈಟ್ರೈಲ್ ಬಳೆಗೆ ಅದೇ ಶುದ್ಧ ಕೀಲೆಣ್ಣೆಯನ್ನು ಸವರಬಹುದು. ಎರಡು ಬಳೆಗಳೂ ಕಪ್ಪು, ಎರಡೂ ದುಂಡು. ಕಣ್ಣಿಗೆ ಭೇದ ತೋರದು. ಆದ್ದರಿಂದ ಬಳೆಯನ್ನು ಕೊಳ್ಳುವಾಗ ಅಳತೆಯೊಡನೆ ಜಾತಿಯನ್ನೂ ಕೇಳಿ ಕೊಳ್ಳಬೇಕು.

ರಬ್ಬರಿಗೆ ಒಂದು ಬಗೆಯ ನೆನಪು ಇದೆ. ಒತ್ತು ತೆಗೆದೊಡನೆ ಹಿಂದಿನ ಆಕಾರಕ್ಕೆ ಮರಳುವುದೇ ಆ ನೆನಪು. ಬಹುಕಾಲ ಬಿಸಿಯಲ್ಲಿ ಒತ್ತಲ್ಪಟ್ಟ ಬಳೆಯು ಈ ನೆನಪನ್ನು ಕಳೆದುಕೊಂಡು ಚಪ್ಪಟೆಯಾಗಿಯೇ ಉಳಿಯುತ್ತದೆ. ಅಂತಹುದನ್ನು ಮತ್ತೆ ಬಳಸಲಾಗದು. ಚಳಿಗೂ ನೆನಪು ಮಂದವಾಗುತ್ತದೆ. ೧೯೮೬ನೆಯ ಜನವರಿ ೨೮ರಂದು ಅಮೆರಿಕೆಯ ‘ಚಾಲೆಂಜರ್’ ಆಕಾಶನೌಕೆಯು ಹೊರಟ ೭೩ ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಅಸುನೀಗಿದುದು ಲೋಕವಿದಿತ. ಅದರ ರಾಕೆಟ್ಟಿನ ಕೂಡಿಕೆಯಲ್ಲಿದ್ದ ರಬ್ಬರ ಬಳೆಯು ಆ ದಿನದ ಚಳಿಗೆ ಸೆಟೆದು, ಕೂಡಿಕೆ ತೆರೆದಷ್ಟು ಬೇಗ ತಾನು ಹಿಗ್ಗಲಾರದೆ ಹೋಯಿತು. ಆ ಸಂದಿನಿಂದ ಉರಿಯುವ ಅನಿಲವು ಹೊರಬಿದ್ದಿತು. ವಿಚಾರಣಾ ಮಂಡಳಿಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು ಆ ರಬ್ಬರಿನ ತುಣುಕೊಂದನ್ನು ಒತ್ತಿಹಿಡಿದು, ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ ತೆಗೆದು, ಅದು ತಕ್ಷಣ ಮರಳಿ ಉಬ್ಬದಿರುವುದನ್ನು ಸಭೆಯ ಮುಂದೆ ತೋರಿಸಿದರು. ಚಳಿಯ ಅಪಾಯವನ್ನು ಎಂಜಿನಿಯರುಗಳು ಹಿಂದಿನ ರಾತ್ರಿಯೇ ಸೂಚಿಸಿದ್ದರು, ಮಾತು ನಡೆಯಲಿಲ್ಲ. ಕೂಡಿಕೆ ತೆರೆಯದಂತೆ ರಚಿಸುವುದು ಮೊದಲ ಧರ್ಮ, ತೆರೆದರೂ ಬಳೆಯು ಕಾಯುವಂತೆ ರಚಿಸುವುದು ಎರಡನೆಯ ಧರ್ಮ ಎಂಬ ಪಾಠವನ್ನು ಆಕಾಶನೌಕೆಗೂ ಹೊಲದ ಶೋಧಕಕ್ಕೂ ಸಮನಾಗಿ ಅನ್ವಯಿಸಬಹುದು.

ಬಹಿರಂಗದ ಸೋರಿಕೆ, ಅಂತರಂಗದ ಸೋರಿಕೆ

ಇಲ್ಲಿಯವರೆಗೆ ಹೇಳಿದುದು ಬಹಿರಂಗದ ಸೋರಿಕೆ. ನೆಲ ತೋಯುತ್ತದೆ, ಎಣ್ಣೆಯ ಕಲೆ ಬೀಳುತ್ತದೆ, ಮನುಷ್ಯನು ಎಚ್ಚರಗೊಳ್ಳುತ್ತಾನೆ. ಅಂತರಂಗದ ಸೋರಿಕೆಯು ಹಾಗಲ್ಲ. ಶೋಧನಾಂಗದ ಮೇಲ್ತುದಿ ಕೆಳತುದಿಗಳು ಒಡಲಿನೊಳಗೆ ಕೂಡುವ ಸ್ಥಾನಗಳಲ್ಲಿಯೂ ಚಿಕ್ಕ ಮುದ್ರೆಗಳಿರುತ್ತವೆ. ಅವು ಸಡಿಲವಾದರೆ ದ್ರವವು ಶೋಧನಾಂಗವನ್ನು ಹೊಕ್ಕುವ ಕಷ್ಟವನ್ನು ಪಡದೆ, ಪಕ್ಕದ ಸುಲಭದಾರಿಯಿಂದ ಕೊಳೆಸಮೇತವಾಗಿ ದಾಟಿಹೋಗುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಯಂತ್ರವು ನಿರ್ಮಲವಾಗಿ, ನಿರ್ದೋಷವಾಗಿ ಕಾಣುತ್ತದೆ.

ಇದರ ಫಲವನ್ನು ಮೂರು ಕಡೆ ಕಾಣಬಹುದು. ಹನಿನೀರಾವರಿಯ ಜಾಲರಿಯು ಸಾಮಾನ್ಯವಾಗಿ ೧೨೦ ಮೆಶ್‌ನದು. ಅದರ ಕಿಂಡಿ ಸುಮಾರು ೧೩೦ ಮೈಕ್ರಾನ್. ಹನಿಗುಂಡಿಯ ದಾರಿಗಿಂತ ಇದು ಹಲವು ಪಟ್ಟು ಕಿರಿದು. ಜಾಲರಿಯ ತುದಿಯ ರಬ್ಬರು ಟೋಪಿ ಇಲ್ಲವಾದರೆ ಹೊಳೆಯ ರೇವೆಯೆಲ್ಲ ಕೊಳವೆಗೆ ಸೇರಿ, ಹನಿಗುಂಡಿಗಳು ಒಂದೊಂದಾಗಿ ಮುಚ್ಚಿ, ಕಬ್ಬಿನ ಸಾಲು ನಡುನಡುವೆ ಒಣಗುತ್ತದೆ. ಎಂಜಿನ್ನಿನಲ್ಲಿ ಶೋಧನಾಂಗವನ್ನು ಮೇಲಕ್ಕೆ ಒತ್ತಿಹಿಡಿಯುವ ಸ್ಪ್ರಿಂಗನ್ನೋ ಅದರ ಕೆಳಗಿನ ಬಿಲ್ಲೆಯನ್ನೋ ಮರಳಿ ಕೂಡಿಸಲು ಮರೆತರೆ, ಲೋಹದ ಪುಡಿ ಬೆರೆತ ಎಣ್ಣೆಯು ಸೋಸದೆಯೇ ಬೇರಿಂಗುಗಳನ್ನು ಸೇರಿ ಸವೆಸುತ್ತದೆ. ಸಾಲ ಮಾಡಿ ಕೊಂಡ ಟ್ರ್ಯಾಕ್ಟರು, ಕಂತು ತೀರುವ ಮೊದಲೇ ಮೂಲೆ ಸೇರುತ್ತದೆ. ಇನ್ನು ಕುಡಿಯುವ ನೀರಿನ ಶೋಧಕದಲ್ಲಿ ಇದೇ ದೋಷವಾದರೆ, ಲೋಟದಲ್ಲಿ ತಿಳಿಯಾಗಿ ಕಾಣುವ ನೀರನ್ನು ಮಗುವು ನಂಬಿ ಕುಡಿಯುತ್ತದೆ. ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ ಬೀಳಗಿ ಕಡೆಯ ಕುಟುಂಬಗಳಿಗೂ, ಹಳೆಯ ಊರುಗಳಲ್ಲಿಯೇ ಉಳಿದವರಿಗೂ, ಶುದ್ಧನೀರಿನ ಘಟಕವೆಂಬ ಹೆಸರೇ ಒಂದು ಅಭಯ. ಆ ಹೆಸರು ಸುಳ್ಳಾಗಬಾರದು.

ಅಂತರಂಗದ ಸೋರಿಕೆಯನ್ನು ಪತ್ತೆಹಚ್ಚುವ ಸಾಧನವು ಎರಡು ಒತ್ತಡಮಾಪಕಗಳು. ಶೋಧಕದ ಹಿಂದೆ ಒಂದು, ಮುಂದೆ ಒಂದು. ಕೊಳೆ ಕೂಡಿದಂತೆ ಇವೆರಡರ ಅಂತರವು ಬೆಳೆಯಬೇಕು. ಹನಿನೀರಾವರಿಯಲ್ಲಿ ಅದು ೦.೫ ಕಿಲೋಗ್ರಾಂ ಮುಟ್ಟಿದಾಗ ಜಾಲರಿಯನ್ನು ತೊಳೆಯುವುದು ವಾಡಿಕೆ. ಮಳೆಗಾಲದ ಕೆನ್ನೀರು ಹರಿಯುತ್ತಿದ್ದರೂ ದಿನಗಟ್ಟಲೆ ಅಂತರವು ಏರದಿದ್ದರೆ ಸಂತೋಷಪಡತಕ್ಕದ್ದಲ್ಲ, ಸಂಶಯಪಡತಕ್ಕದ್ದು. ಸೋಸುವ ಯಂತ್ರಕ್ಕೆ ಆಯಾಸವೇ ತೋರದಿದ್ದರೆ ಅದು ಸೋಸುತ್ತಿಲ್ಲವೆಂದೇ ಅರ್ಥ.

ರಚನೆಯಲ್ಲಿಯೇ ಇದಕ್ಕೆ ಮೂರು ಪರಿಹಾರಗಳಿವೆ. ಮೊದಲನೆಯದು, ದ್ರವದ ಹರಿವು ಶೋಧನಾಂಗವನ್ನು ಅದರ ಪೀಠದತ್ತ ಒತ್ತುವಂತೆ, ಪೀಠದಿಂದ ಕೀಳದಂತೆ ದಾರಿಯನ್ನು ಗೊತ್ತುಪಡಿಸುವುದು. ಒಡಲಿನ ಮೇಲಿನ ಬಾಣದ ಗುರುತಿಗೆ ಇರುವ ಬೆಲೆ ಇದೇ. ಎರಡನೆಯದು, ಶೋಧನಾಂಗದ ತುದಿಗಳಿಗೂ ಪಾರ್ಶ್ವಮುದ್ರೆಯನ್ನೇ ಕೊಡುವುದು. ಆಗ ಉದ್ದದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಾದರೂ ಮುದ್ರೆ ಕೆಡದು. ಮೂರನೆಯದು, ಶೋಧನಾಂಗವನ್ನಾಗಲಿ ಅದರ ಬಳೆಯನ್ನಾಗಲಿ ಮರೆತರೆ ಮುಚ್ಚಳವೇ ಕೂಡದಂತೆಯೂ, ತಲೆಕೆಳಗಾಗಿ ಇಟ್ಟರೆ ಒಳಗಿಳಿಯದಂತೆಯೂ ಆಕಾರವನ್ನು ಕಲ್ಪಿಸುವುದು. ಮನುಷ್ಯನಿಗೆ ಮರೆವು ಸಹಜ. ಆ ಮರೆವನ್ನು ಕ್ಷಮಿಸದೆ, ಕೂಡಲೇ ಕೈಹಿಡಿದು ನಿಲ್ಲಿಸುವ ಯಂತ್ರವೇ ಹಿತೈಷಿ.

ಕೂಡಿಸುವ ಕ್ರಮ

ರಚನೆಯು ಎಷ್ಟೇ ಉತ್ತಮವಾದರೂ ಕೂಡಿಸುವವನ ಶ್ರದ್ಧೆ ಬೇಕು. ಮೊದಲು ಹಳೆಯ ಬಳೆಯನ್ನು ತೆಗೆದು ಕೈಯಲ್ಲಿ ಹಿಡಿದು ನೋಡಬೇಕು. ಎಷ್ಟೋ ವೇಳೆ ಹಳೆಯ ಬಳೆಯು ತೋಡಿಗೇ ಅಂಟಿಕೊಂಡಿದ್ದು, ಅದರ ಮೇಲೆಯೇ ಹೊಸದನ್ನು ಇಟ್ಟು ಬಿಗಿಯುವುದುಂಟು. ಎಂಜಿನ್ನಿನಲ್ಲಿ ಇದರಿಂದ ಎಣ್ಣೆಯೆಲ್ಲ ಒಮ್ಮೆಲೇ ಹೊರಚಿಮ್ಮಿ ಎಂಜಿನ್ನೇ ಹಾಳಾಗಬಹುದು. ಎರಡನೆಯದಾಗಿ ತೋಡನ್ನು ಬಟ್ಟೆಯಿಂದ ಒರಸಬೇಕು. ಲೋಹದ ಮೊನೆಯಿಂದ ಕೆರೆಯಬಾರದು. ಮೂರನೆಯದಾಗಿ ಬಳೆಯನ್ನು ತಿರುಚು ಬೀಳದಂತೆ, ತಕ್ಕ ಸ್ನಿಗ್ಧವನ್ನು ಸವರಿ ಕೂಡಿಸಬೇಕು. ನಾಲ್ಕನೆಯದಾಗಿ ಬೋಲ್ಟುಗಳು ಹಲವಿದ್ದರೆ ಒಂದರ ಎದುರಿಗೆ ಒಂದರಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ನಡುಬೋಲ್ಟು ಒಂದೇ ಇರುವ ಎಂಜಿನ್ನಿನ ಶೋಧಕದಲ್ಲಿ ಅದರ ತಲೆಯ ಕೆಳಗಿನ ಬಿಲ್ಲೆಯನ್ನೂ ಬದಲಿಸಬೇಕು. ಎಣ್ಣೆಯು ಬೋಲ್ಟಿನ ಮೈಗುಂಟ ಇಳಿದು ಬರುವುದುಂಟು. ಕುಡಿಯುವ ನೀರಿನ ಪ್ಲಾಸ್ಟಿಕ್ ಬಟ್ಟಲನ್ನು ಪಾನಾದಿಂದ ಹದಮೀರಿ ಬಿಗಿದರೆ ಬಟ್ಟಲೇ ಸೀಳುತ್ತದೆ. ಕೊನೆಗೆ ಯಂತ್ರವನ್ನು ನಡೆಸಿ, ಒತ್ತಡವು ಏರಿದ ಮೇಲೆ ಸುತ್ತಲೂ ಒಣಬಟ್ಟೆಯಿಂದ ಒರಸಿ ನೋಡಬೇಕು.

ಡೀಸೆಲ್ ಎಂಜಿನ್ನಿನ ವಿಷಯದಲ್ಲಿ ಮತ್ತೊಂದು ಮಾತು. ಇಂಧನವನ್ನು ಸೆಳೆಯುವ ಕಡೆಯ ಬಟ್ಟಲಿನ ಮುದ್ರೆ ಕೆಟ್ಟರೆ ಹನಿ ಹೊರಬೀಳದು, ಬದಲಾಗಿ ಗಾಳಿ ಒಳಗೆ ಹೋಗುತ್ತದೆ. ಎಂಜಿನ್ನು ಉಬ್ಬಸದವನಂತೆ ತಡವರಿಸುತ್ತದೆ. ಒಣಗಿದ್ದ ಮಾತ್ರಕ್ಕೆ ಮುದ್ರೆ ಸರಿಯಿದೆಯೆಂದು ತಿಳಿಯಲಾಗದು.

ಉಪಸಂಹಾರ

ಮುದ್ರೆಯು ಕೆಲವೇ ರೂಪಾಯಿಗಳ ವಸ್ತು. ಅದು ಕಾಯುವುದು ಲಕ್ಷಗಟ್ಟಲೆ ಬೆಲೆಯ ಎಂಜಿನ್ನನ್ನು, ವರ್ಷದ ಕಬ್ಬನ್ನು, ಮಕ್ಕಳ ಆರೋಗ್ಯವನ್ನು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ, ಬಳೆಯನ್ನು ಸರಿಯಾಗಿ ಕೂಡಿಸುವ ಕೆಲಸವನ್ನು ಚಿಕ್ಕದೆಂದು ಎಣಿಸುವಂತಿಲ್ಲ. ಈ ಶಾಲೆಯಿಂದ ಹೊರಡುವ ಮಕ್ಕಳಲ್ಲಿ ಕೆಲವರು ಯಂತ್ರಗಳನ್ನು ರಚಿಸಬಹುದು, ಕೆಲವರು ದುರಸ್ತಿ ಮಾಡಬಹುದು, ಬಹುಮಂದಿ ಅವುಗಳನ್ನು ಬಳಸುವರು. ರಚಿಸುವವರು ಬಿಗಿಯುವವನ ಬಲವನ್ನು ನಂಬದೆ ತೋಡಿನ ಅಳತೆಯನ್ನು ನಂಬಲಿ. ದುರಸ್ತಿ ಮಾಡುವವರು ಹಳೆಯ ಬಳೆಯನ್ನು ಕೈಯಲ್ಲಿ ಹಿಡಿದು ನೋಡಲಿ. ಬಳಸುವವರು ಹೊರಗಿನ ಹನಿಯೊಡನೆ ಒಳಗಿನ ದಾರಿಯನ್ನೂ ಪರೀಕ್ಷಿಸಲಿ. ಹೊರಗೆ ಒಣಗಿದ್ದು ಒಳಗೆ ಸೋರುವ ಕರಡಿಗೆಯು ಯಂತ್ರದಲ್ಲಿಯೂ ಬೇಡ, ಬಾಳಿನಲ್ಲಿಯೂ ಬೇಡ.

ಅಭ್ಯಾಸ

೧. ೧೪ ಸೆಂಟಿಮೀಟರ್ ವ್ಯಾಸದ ಮುಚ್ಚಳದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಂ ಒತ್ತಡವಿದ್ದರೆ, ಅದನ್ನು ನೂಕುವ ಒಟ್ಟು ಬಲವೆಷ್ಟು?
೨. ಮುಖಮುದ್ರೆಗೂ ಪಾರ್ಶ್ವಮುದ್ರೆಗೂ ಇರುವ ಭೇದವನ್ನು ಚಿತ್ರಸಹಿತ ವಿವರಿಸಿರಿ.
೩. ತೋಡಿನಲ್ಲಿ ಬಳೆಗೆ ಬಿಡುವು ಏಕೆ ಬೇಕು?
೪. ಮನೆಯಲ್ಲಾಗಲಿ ಹೊಲದಲ್ಲಾಗಲಿ ಇರುವ ಒಂದು ಶೋಧಕವನ್ನು ಹಿರಿಯರ ಸಮ್ಮುಖದಲ್ಲಿ, ಒತ್ತಡವನ್ನು ಇಳಿಸಿದ ಮೇಲೆ ತೆರೆಸಿ ನೋಡಿ, ಅದರಲ್ಲಿ ಎಷ್ಟು ಮುದ್ರೆಗಳಿವೆ, ಒಂದೊಂದೂ ಯಾವುದನ್ನು ಕಾಯುತ್ತದೆ ಎಂಬುದನ್ನು ಬರೆಯಿರಿ.